ಮುಂದಿನ ಮದುವೆಗೆ ಕರೆಯೋಲೆ ಉಚಿತ

ಅಧ್ಯಕ್ಷರಾದ ಹುಲಿಗೆಪ್ಪನವರೇ, ನಮ್ಮೆಲ್ಲರ ಪರವಾಗಿ ವಾದಿಸಿದ ವಕೀಲೆ ಅನುಜಾ ಅವರೇ, ಉಪ್ಪಿಟ್ಟಿನ ವಾಸನೆ ಇಲ್ಲಿಯವರೆಗೆ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಪುಣೆಯ ನಮ್ಮ ಕನ್ನಡ ಸಂಘ ಇಂದು ನನಗೆ ಶಾಲು ಹೊದಿಸಿದೆ. ಏಕೆ? ಮದುವೆಯ ಕರೆಯೋಲೆ ಕಳಿಸುವ ಆ್ಯಪಿನ ಕಂಪನಿಯ ಮೇಲೆ ಹಲವು ಕುಟುಂಬಗಳು ಕೂಡಿ ಹೂಡಿದ ದಾವೆಯಲ್ಲಿ ಮೊದಲ ಹೆಸರು ಶಾಮಲಾ, ಅಂದರೆ ನನ್ನದು. ಗೆದ್ದೆವು ಎಂದು ಅಧ್ಯಕ್ಷರು ಹೇಳಿದರು. ಗೆದ್ದೆವು, ನಿಜ. ಆದರೆ ಸಿಕ್ಕಿದ್ದೇನು? ಈ ಕುತೂಹಲ ನನ್ನನ್ನು ಬಿಟ್ಟಿಲ್ಲ.

ನಡೆದದ್ದು ಇಷ್ಟು. ನನ್ನ ಒಬ್ಬಳೇ ಮಗಳು ಮಂಜರಿಯ ಮುಹೂರ್ತ ಬೆಳಿಗ್ಗೆ ಏಳೂ ಹತ್ತಕ್ಕೆ. ನನ್ನ ಫೋನಿನಲ್ಲಿ ಹಾಗೆಯೇ ಇತ್ತು. ಆದರೆ ಆ್ಯಪು ಯಾವುದೋ ದೇಶದ ಗಡಿಯಾರ ನೋಡಿಕೊಂಡು, ಬಂಧುಗಳ ಫೋನಿನಲ್ಲಿ ಮಧ್ಯಾಹ್ನ ಹನ್ನೆರಡೂ ನಲವತ್ತು ಎಂದು ತೋರಿಸಿಬಿಟ್ಟಿತ್ತು. ಬೀಗರ ಕಡೆಯವರು ಹಿಂದಿನ ದಿನವೇ ಬಂದಿಳಿದಿದ್ದರು. ನಮ್ಮ ಕಡೆಯ ಕುರ್ಚಿಗಳೆಲ್ಲ ಖಾಲಿ.

ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವನಲ್ಲವೇ? ಶಿರೂರಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ನಮ್ಮಣ್ಣ ಕೃಷ್ಣಾಜಿ ಫೋನೇ ಎತ್ತಲಿಲ್ಲ. "ಮುಹೂರ್ತ ಯಾರ ಸಲುವಾಗಿನೂ ನಿಲ್ಲಂಗಿಲ್ರೀ" ಎಂದರು ಪುರೋಹಿತರು. ಕೊನೆಗೆ ಅಡುಗೆಯ ಭುಜಂಗ ಅವರು ಕೈ ತೊಳೆದು ಬಂದು ಮಂಜರಿಯನ್ನು ಕರೆತಂದರು. ಮೊಣಕೈಗೆ ಕಡಲೆಹಿಟ್ಟು ಇನ್ನೂ ಅಂಟಿಕೊಂಡಿತ್ತು, ಪಾಪ.

ಎಲೆ ಅಡಿಕೆ ಹೊತ್ತಿಗೆ ಅಣ್ಣ ರುಮಾಲು ಸುತ್ತಿಕೊಂಡು ಬಂದ. ಹಿಂದಿನ ದಿನವೇ ಬರಬೇಡವೇ ಎಂದು ಕೇಳಿದೆ. "ಮಂದೀನ್ನ ಕರದಂಗ ನನ್ನ ಫೋನಿನ್ಯಾಗ ಕರದಿ. ಮಂದಿ ಬಂದಂಗ ಬಂದೀನಿ, ಹೇಳಿದ ಹೊತ್ತಿಗೆ" ಎಂದ. ಊಟ ಮಾಡದೆ ಹೋದ. ಅಲ್ಲಿಂದ ನಮ್ಮಿಬ್ಬರಿಗೂ ಮಾತಿಲ್ಲ. ನನಗೆ ತವರೆಂದು ಉಳಿದದ್ದು ಅವನೊಬ್ಬನೇ.

ಕುಂಕುಮ-ಅಕ್ಷತೆ ಹಿಡಿದು ಮನೆಗೇ ಹೋಗಿ ಕರೆಯುವುದು ನಮ್ಮ ಪದ್ಧತಿ. ಆದರೆ ಆಗ ನನಗೆ ಮೊಣಕಾಲು ನೋವು ನೋಡಿ. ಭುಜಂಗ ಅವರ ಕೈರುಚಿ ನೋಡಲು ಅವರೂರು ಚಾಕಣದವರೆಗೆ ಹೋಗಿಬಂದದ್ದು ಬೇರೆ ಮಾತು. ಅದು ಊಟದ ವಿಷಯ.

ಇರಲಿ. ದಾವೆಯ ಕೊನೆಗೆ ಕಂಪನಿ ಏನು ಕೊಟ್ಟಿತು? ಪ್ರತಿ ಕುಟುಂಬಕ್ಕೂ ಮುಂದಿನ ಮದುವೆಯ ಕರೆಯೋಲೆ ಉಚಿತ, ಅದೇ ಆ್ಯಪಿನಲ್ಲಿ! ಯಾರ ಮದುವೆ? "ಹಂಗಿದ್ರ ನಂದs ಇನ್ನೊಂದು ಮಾಡ್ರಿ" ಎಂದರು ನಮ್ಮ ಯಜಮಾನರು. ನಮ್ಮ ಜೊತೆ ದಾವೆ ಹೂಡಿದ ಕಾತ್ರಜದ ಚಂದಮ್ಮನವರ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಇದ್ದಾರೆ, ಅವರಿಗೆ ಭಾಳ ಖುಷಿ. ಹಾಗಾದರೆ ಪರಿಹಾರವೆನ್ನುವುದು ಮನೆಯಲ್ಲಿ ಮಕ್ಕಳೆಷ್ಟು ಎಂಬುದರ ಮೇಲೆಯೇ? ಆ್ಯಪಿನ ಗಡಿಯಾರವೇನೋ ಸರಿಹೋಯಿತು. ಅದರ ಲಾಭ ಯಾರಿಗೆ? ದಾವೆ ಹೂಡದವರಿಗೆ! ಅವರ ಮದುವೆ ಸುಸೂತ್ರ ಆಗುತ್ತದೆ, ಆಗಲಿ. ನಾನು ಅನುಜಾ ಅವರನ್ನು ಕೇಳಿದೆ, ನನ್ನ ನಷ್ಟಕ್ಕೇನು ಎಂದು. "ಅಣ್ಣನ್ನ ತಂದುಕೊಡೋ ಕಲಂ ಕಾಯ್ದೆದಾಗ ಇಲ್ರೀ ಕಾಕೂ" ಎಂದರು. ದೊಡ್ಡ ವಕೀಲೆ, ಸುಳ್ಳು ಹೇಳುವುದಿಲ್ಲ.

ಈ ಸಮಾರಂಭದ ಕರೆಯೋಲೆಯೂ ನಿಮಗೆಲ್ಲ ಫೋನಿನಲ್ಲೇ ಬಂದಿರಬೇಕು. ಕಳೆದ ವಾರ ನಾನು ಶಿರೂರಿನ ಬಸ್ಸು ಹತ್ತಿದೆ. ಮೊಣಕಾಲು ಈಗಲೂ ನೋವೇ. ಅಣ್ಣನ ಮುಂದೆ ಅಕ್ಷತೆ ಹಿಡಿದೆ, ಈ ಸನ್ಮಾನಕ್ಕೆ ಬಾ ಎಂದು. "ಸನ್ಮಾನಕ್ಕ ಯಾರರ ಅಕ್ಷತಾ ಕೊಡ್ತಾರೇನ?" ಎಂದ ಅಣ್ಣ. ಆದರೂ ಕೈಚಾಚಿ ತೆಗೆದುಕೊಂಡ. "ಎಷ್ಟಕ್ಕ ಅದ, ಬಾಯಿಲೆ ಹೇಳು." ಸಂಜೆ ಐದಕ್ಕೆ ಎಂದೆ.

ಇಂದು ಬೆಳಿಗ್ಗೆ ಏಳೂ ಹತ್ತಕ್ಕೆ ನಮ್ಮ ಬಾಗಿಲು ಬಡಿದ. ಸಂಜೆ ಈ ಸಭೆಗೆ ಮಂಜರಿಯನ್ನು ಕೈಹಿಡಿದು ಕರೆತಂದವನೂ ಅವನೇ. ಇಗೋ, ಮೊದಲ ಸಾಲಿನಲ್ಲಿ ಕುಳಿತಿದ್ದಾನೆ, ಇನ್ನೂ ಅವಳ ಕೈ ಬಿಟ್ಟಿಲ್ಲ.

ಶಾಲಿಗೆ, ನಿಮ್ಮ ಪ್ರೀತಿಗೆ, ಭುಜಂಗ ಅವರ ಉಪ್ಪಿಟ್ಟಿಗೆ ಧನ್ಯವಾದ. ಕಂಪನಿಯ ಕೂಪನ್ ಯಾರಿಗಾದರೂ ಬೇಕಿದ್ದರೆ ನನ್ನ ಹತ್ತಿರ ಹಾಗೇ ಇದೆ. ಮೊದಲು ಅಣ್ಣನಿಗೆ, ಆಮೇಲೆ ನಿಮ್ಮೆಲ್ಲರಿಗೆ, ನಮಸ್ಕಾರ.