ಸೇತುವೆ ದಾಟುವ ಬಸ್ಸು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದಪ್ಪ ದರ್ಜಿಯ ಮುಂದೆ ಇಬ್ಬರು ಮಾತಿಗಿಳಿದಿದ್ದರು. ಒಬ್ಬಳು ಬ್ರೆಡ್ಡಿನ ಬುಟ್ಟಿಯನ್ನು ಎದೆಗವಚಿಕೊಂಡ ಬೇಕರಿಯಾಕೆ, ಇನ್ನೊಬ್ಬ ಹಿಂದೆ ಇದೇ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಮುದುಕ. ದರ್ಜಿಯ ಕಿವಿ ತಾನಾಗಿಯೇ ಅತ್ತ ಹೊರಳಿತು.

"ಬುಟ್ಟಿ ಕೆಳಗಿಡಮ್ಮ. ಇಲ್ಲೇನು ನೀರು ನುಗ್ಗುತ್ತಾ?"

"ಅಭ್ಯಾಸ ಅಣ್ಣ. ನಿನ್ನ ದೋಣೀಲಿ ಎಷ್ಟು ಬ್ರೆಡ್ಡು ನೆನೆದು ಹಾಳಾಗಿಲ್ಲ!"

"ಈಗ ವ್ಯಾಪಾರ ಹೇಗೆ?"

"ಹಿಟ್ಟಿನ ಲಾರಿ ಬಾಗಿಲಿಗೇ ಬರುತ್ತೆ. ಇನ್ನೊಂದು ಒಲೆ ಹಾಕಿಸ್ದೆ, ಅಕ್ಕನ ಮಕ್ಕಳಿಗೂ ಕೆಲಸ ಆಯ್ತು. ಸರ್ಕಾರ ಸೇತುವೆಗೆ ದುಡ್ಡು ಕೊಡದಿದ್ರೆ ಇದೆಲ್ಲ ಎಲ್ಲಿತ್ತು?"

"ಹೊಳೆ ಅಳೆಯೋಕೆ ಬಂದ ಇಂಜಿನಿಯರುಗಳನ್ನ ಈ ದಡ ಆ ದಡ ಓಡಾಡಿಸಿದ್ದು ನಾನೇ, ಗೊತ್ತಾ?"

"ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡೆ ಬಿಡು."

"ಹೋಗ್ಲಿ, ನಿಮ್ಮನೆ ಒಲೆಯಾದ್ರೂ ಉರೀತಲ್ಲ."

"ಆದ್ರೂ ಅಣ್ಣ, ದೋಣಿ ದಡ ಸೇರೋಷ್ಟರಲ್ಲಿ ಊರ ಸುದ್ದಿಯೆಲ್ಲ ಗೊತ್ತಾಗ್ತಿತ್ತು. ಈಗ ಬಾಯಿ ತೆಗೆಯೋಷ್ಟರಲ್ಲಿ ಸ್ಟಾಪ್ ಬಂದುಬಿಡುತ್ತೆ."

ಬಸ್ಸು ಬಂತು. ಮುಂದಿದ್ದವರು ನುಗ್ಗಿ, ನೆರಳಿದ್ದ ಬದಿಯಲ್ಲೇ ಕೂತರು. ಮುದುಕ ಮೆಟ್ಟಿಲ ಮೇಲೆ ನಿಂತು ಕೂಗಿದ:

"ಎಲ್ರೂ ಒಂದೇ ಕಡೆ ಕೂರ್ಬೇಡ್ರಪ್ಪ! ದಪ್ಪಗಿರೋರು ನಡುವೆ ಬನ್ನಿ!"

ಬಸ್ಸೆಲ್ಲ ಗೊಳ್ಳೆಂದಿತು. ಬೇಕರಿಯಾಕೆ ನಗಲಿಲ್ಲ. ಬುಟ್ಟಿ ಹಿಡಿದು ಬಿಸಿಲಿನ ಬದಿಗೆ ಹೋಗಿ ಕೂತಳು. ಹಿಂದೆ ಹತ್ತಿದ ದರ್ಜಿ, ಎರಡೂ ಕಡೆ ನೋಡಿ, ತೆಪ್ಪಗೆ ನಡುವೆ ನಿಂತ.