ಬಾಗಿಲ ಕಡೆಯ ಮಂಚ

ಮಾನ್ಯ ಅಧ್ಯಕ್ಷರೇ, ಪ್ರಾರ್ಥನೆ ಮಾಡಿಸಿದ ಪಾದ್ರಿಗಳೇ, ಫುಟ್‌ಬಾಲ್ ತಂಡದ ಮಾಲೀಕರೇ, ಇಂದು ಸನ್ಮಾನಗೊಳ್ಳುತ್ತಿರುವ ಹೋಬರ್ಟ್ ಗೇನ್ಸ್ ಅವರೇ, ಕೋಳಿಯೂಟ ಮುಗಿಸಿ ತೂಕಡಿಸುತ್ತಿರುವ ಸಭಿಕರೇ,

ನಾನು ಅಯೋನಾ ಡಾಕಿನ್ಸ್. ಹೋಬರ್ಟನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದು ಕರೆದಿದ್ದೀರಿ. ಆಡುತ್ತೇನೆ. ಚೆಂಡನ್ನು ಒದೆಯದೆ ಬಗಲಲ್ಲಿಟ್ಟುಕೊಂಡು ಓಡುವ ನಮ್ಮ ಅಮೆರಿಕದ ಈ ಆಟದಲ್ಲಿ ಅವನಂತೆ ಓಡುವವರನ್ನು ಓಹಾಯೋ ರಾಜ್ಯ ಕಂಡಿಲ್ಲ. ಏಕವಚನಕ್ಕೆ ಕ್ಷಮಿಸಿ, ನನ್ನ ಅಡುಗೆಮನೆಯಲ್ಲಿ ಉಂಡವನು ಅವನು.

ಆದರೆ ಆಮಂತ್ರಣದಲ್ಲಿ ‘ಈ ತಂಡದ ಮೊದಲ ಕರಿಯ ಆಟಗಾರ’ ಎಂದು ಅಚ್ಚು ಹಾಕಿಸಿದ್ದೀರಿ. ಒಬ್ಬನೇ? ಸ್ವಾಮಿ, ಆ ಕಾಲದಲ್ಲಿ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಯಾರು ಸೇರಿಸಿಕೊಳ್ಳುತ್ತಿದ್ದರು? ಎತ್ತುಗಳ ಹಾಗೆ ಜೋಡಿಯಾಗಿ ತರುತ್ತಿದ್ದರು. ಪರ ಊರಿನ ಹೋಟೆಲಿನಲ್ಲಿ ಕೋಣೆಗೆ ಇಬ್ಬರು. ಕರಿಯನ ಜೊತೆ ಬಿಳಿಯ ಮಲಗುವುದಿಲ್ಲ, ಒಬ್ಬನಿಗೇ ಇಡೀ ಕೋಣೆ ಕೊಡಲು ತಂಡಕ್ಕೆ ಮನಸ್ಸಿಲ್ಲ. ಹಾಗಾಗಿ ಜೋಡಿಯಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬನೂ ಮನೆಗೆ. ಹೋಬರ್ಟನ ಜೋಡಿ ನನ್ನ ಗಂಡ ಎಲ್ಬರ್ಟ್. ಎದುರಾಳಿಗಳನ್ನು ತಡೆದು ಇವನಿಗೆ ದಾರಿ ಬಿಡಿಸಿಕೊಡುವುದು ಅವನ ಕೆಲಸ.

ಮೊದಲ ವರ್ಷವೇ ಎಲ್ಬರ್ಟನ ಮಂಡಿ ಹೋಯಿತು. ಹೋಬರ್ಟನ ಹೆಂಡತಿ ಆಗ ತುಂಬು ಬಸುರಿ.

‘ಡಾಕ್ಟರಿಗೆ ತೋರಿಸು, ಕಾಲು ಹೋದೀತು’ ಅಂದೆ.

‘ತೋರಿಸಿದ್ರೆ ನಾಳೆನೇ ಇಬ್ಬರನ್ನೂ ಬಸ್ ಹತ್ತಿಸ್ತಾರೆ ಕಣೇ. ಆ ಹುಡುಗ ಏನ್ ತಪ್ಪು ಮಾಡಿದಾನೆ?’ ಅಂದ.

ಪಂದ್ಯದ ದಿನ ಬೆಳಿಗ್ಗೆ ಆ ಮಂಡಿಗೆ ಬಟ್ಟೆ ಬಿಗಿಯುತ್ತಿದ್ದವನು ಯಾರು? ಇದೇ ಹೋಬರ್ಟ್. ಕಟ್ಟುತ್ತಾ ಅಳುತ್ತಿದ್ದನಂತೆ. ‘ಅಳಬೇಡ್ವೋ, ಗಂಟು ಸಡಿಲ ಆಗತ್ತೆ’ ಎಂದು ಎಲ್ಬರ್ಟ್ ಗದರುತ್ತಿದ್ದನಂತೆ.

ವರ್ಷ ಮುಗಿಯಿತು, ಕಾಲೂ ಮುಗಿಯಿತು. ಅಷ್ಟರಲ್ಲಿ ಹೋಬರ್ಟನ ಓಟ ತಂಡಕ್ಕೆ ಬಿಡಲಾಗದಂಥದ್ದಾಗಿತ್ತು, ಹಾಗಾಗಿ ಅವನನ್ನು ಉಳಿಸಿಕೊಂಡು, ಹೋಟೆಲ್ ಕೋಣೆಯಲ್ಲಿ ಎಲ್ಬರ್ಟನ ಮಂಚಕ್ಕೆ ಇನ್ನೊಬ್ಬನನ್ನು ತಂದರು. ಹೋಬರ್ಟ್ ಹೆಸರುವಾಸಿಯಾದ. ಎಲ್ಬರ್ಟ್ ಒಂದು ಅಂಗಡಿಯಲ್ಲಿ ಲಿಫ್ಟ್ ನಡೆಸಿದ, ಕೂತು ಮಾಡುವ ಕೆಲಸ ಅದೊಂದೇ ಸಿಕ್ಕಿದ್ದು. ಹೋದ ಚಳಿಗಾಲ ತೀರಿಕೊಂಡ.

ಇಂದು ಹೋಬರ್ಟನಿಗೆ ಕೊಡುತ್ತಿರುವ ಫಲಕದಲ್ಲಿ ಎಲ್ಬರ್ಟನ ಹೆಸರನ್ನೂ ಸೇರಿಸಿ ಎಂದು ಕೇಳಿದೆ. ‘ಅಮ್ಮ, ಕಂಚು ಎರಕ ಹೊಯ್ದಾಗಿದೆ, ಜಾಗ ಇಲ್ಲ’ ಎಂದರು ಕಾರ್ಯದರ್ಶಿಗಳು. ನನಗೆ ಹೋಬರ್ಟನ ಮೇಲೂ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ? ಅದನ್ನೆಲ್ಲ ಇಲ್ಲಿ ಕಾರಿಕೊಂಡು ಹೋಗೋಣವೆಂದೇ ಈ ಒಳ್ಳೆಯ ಟೋಪಿಯನ್ನು ನಿನ್ನೆಯೇ ತೆಗೆದಿಟ್ಟಿದ್ದೆ.

ಆದರೆ ಇವತ್ತು ಬೆಳಿಗ್ಗೆ ಅವನು ಫೋನ್ ಮಾಡಿದ. ಇದೇ ಹೋಟೆಲಿನಲ್ಲಿ ಅವನೊಬ್ಬನಿಗೇ ಎರಡು ಮಂಚದ ಕೋಣೆ ಕೊಟ್ಟಿದ್ದೀರಲ್ಲ.

‘ನಿದ್ದೆ ಬಂತೇನೋ?’ ಎಂದೆ.

‘ಇಲ್ಲ ಅತ್ತಿಗೆ. ಕಿಟಕಿ ಕಡೆ ಬಿದ್ಕೊಂಡಿದ್ದೆ. ಬಾಗಿಲ ಕಡೇದು ಎಲ್ಬರ್ಟಂದಲ್ವಾ, ಬಚ್ಚಲಿಗೆ ಹತ್ರ ಆಗತ್ತೆ ಅವನಿಗೆ. ಅದರ ಹೊದಿಕೆ ಮುಟ್ಟಲಿಲ್ಲ’ ಎಂದ.

ಆ ಸಿಟ್ಟನ್ನು ಈಗ ಎಲ್ಲಿಡಲಿ, ಹೇಳಿ? ಫಲಕ ಅವನಿಗೇ ಕೊಡಿ. ನನ್ನ ಗಂಡನಿಗೆ ಇಷ್ಟು ದೊಡ್ಡ ಊರಿನಲ್ಲಿ ಜಾಗ ಹಿಡಿದಿಟ್ಟಿರುವವನು ಅವನೊಬ್ಬನೇ.

ಕೇಳಿಸಿಕೊಂಡಿದ್ದಕ್ಕೆ ಉಪಕಾರವಾಯಿತು. ಹೋಬರ್ಟ್, ಕಣ್ಣೊರೆಸಿಕೋ, ಎಲ್ಬರ್ಟ್ ಇದ್ದಿದ್ದರೆ ಗದರುತ್ತಿದ್ದ. ಎಲ್ಲರಿಗೂ ನಮಸ್ಕಾರ.