ಡ್ರೈವರ್ ಸೀಟಿನಲ್ಲಿದ್ದದ್ದು ನನ್ನ ಹೆಂಡತಿಯಲ್ಲ

ಹೆಸರು: ಲೈಲ್ ಟಾರ್ವಿಕ್. ವಯಸ್ಸು: ಅರವತ್ತಮೂರು. ಕಸುಬು: ಶಾಲಾ ಬಸ್ಸುಗಳ ಮೆಕ್ಯಾನಿಕ್, ಈಗ ನಿವೃತ್ತ. ವಾಸ: ಪೊಕಟೆಲೊ, ಐಡಹೊ ರಾಜ್ಯ.

ಆಲ್ಕಲೈ ವೆಲ್ಸ್ ಷರೀಫ್ ಕಚೇರಿಯಲ್ಲಿ ಡೆಪ್ಯುಟಿ ಹಾಲಿ ಕ್ರೇನ್ ಅವರ ಮುಂದೆ ನಾನು ಸ್ವಂತ ಇಚ್ಛೆಯಿಂದ ಕೊಡುವ ಹೇಳಿಕೆ ಹೀಗಿದೆ. ಹೆಂಡತಿಯನ್ನು ಮರುಭೂಮಿಯಲ್ಲಿ ಬಿಟ್ಟು ನಾನು ಓಡಿಹೋದೆನೆಂದು ರೇಡಿಯೋದಲ್ಲಿ ಬಂದ ದೂರು ನಿಜವಲ್ಲ.

ನಾನೂ ನನ್ನ ಹೆಂಡತಿ ನೋರೀನಳೂ ಗುರುವಾರ ನಮ್ಮ ಪಿಕಪ್ ಟ್ರಕ್ಕಿನಲ್ಲಿ ನೆವಾಡಕ್ಕೆ ಹೊರಟೆವು. ಮದುವೆಯಾಗಿ ಮೂವತ್ತೈದು ವರ್ಷ ತುಂಬಿದ್ದಕ್ಕೆ ಈ ಪ್ರವಾಸ. ಟ್ರಕ್ಕಿನ ಹಿಂಭಾಗಕ್ಕೆ ಮುಚ್ಚಳ ಕೂರಿಸಿ, ಒಳಗೆ ಪ್ಲೈವುಡ್ ಮಂಚವನ್ನು ನಾನೇ ಮಾಡಿದ್ದೆ. ನೋರೀನ್ ಬಿಸಿನೀರಿನ ತೊಟ್ಟಿ ಇರುವ ಮೋಟೆಲ್ ಕೇಳಿದ್ದಳು. ಜನವರಿಯಲ್ಲಿ ಮರುಭೂಮಿ ಖಾಲಿ ಇರುತ್ತದೆ, ನಮ್ಮಿಬ್ಬರದೇ ರಾಜ್ಯ ಎಂದು ನಾನು ಹೇಳಿದ್ದೆ. ಖಾಲಿ ಇದ್ದದ್ದು ನಿಜ.

ಶುಕ್ರವಾರ ಸಂಜೆ ಉಪ್ಪಿನ ಬಯಲಿನ ಪಕ್ಕ, ಹೆದ್ದಾರಿಯಿಂದ ಕಾಲು ಮೈಲಿ ಒಳಗೆ ಟ್ರಕ್ ನಿಲ್ಲಿಸಿದೆವು. ಅಡುಗೆಗೆ ತಂದಿದ್ದ ಮೊಟ್ಟೆಗಳು ಚಳಿಗೆ ಕಲ್ಲಾಗಿದ್ದವು. ಒಲೆ ಹತ್ತಲಿಲ್ಲ. ಗ್ಯಾಸ್ ಡಬ್ಬಿ ಬಿಸಿಯಾಗಲಿ ಎಂದು ಅದನ್ನು ಅಂಗಿಯೊಳಗೆ ಇಟ್ಟುಕೊಂಡೆ. ಅದು ಬಿಸಿಯಾಗಲಿಲ್ಲ, ನಾನು ತಣ್ಣಗಾದೆ. ಚಳಿಯಾಗುತ್ತಿದೆಯೇ ಎಂದು ನೋರೀನ್ ಕೇಳಿದಳು. ಇಲ್ಲ, ಹಿತವಾಗಿದೆ ಎಂದೆ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಅದನ್ನು ಎರಡು ಸಲ ಹೇಳಬೇಕಾಯಿತು. ಅವಳು ನನಗೆ ಬೆನ್ನು ತಿರುಗಿಸಿ ಮಲಗಿದಳು.

ಶನಿವಾರ ಬೆಳಿಗ್ಗೆ ಏಳರ ಹೊತ್ತಿಗೆ ಅವಳು ಎದ್ದು, ಮುಂದಿನ ಕ್ಯಾಬಿನ್ ಬೆಚ್ಚಗಾಗಲಿ ಎಂದು ಎಂಜಿನ್ ಶುರುಮಾಡಿ, ಸಲಿಕೆ ಹಿಡಿದು ಬಹಿರ್ದೆಸೆಗೆಂದು ಪೊದೆಗಳ ಆಚೆ ಹೋದಳು. ಇದು ನನಗೆ ಆಮೇಲೆ ತಿಳಿದದ್ದು. ಆಗ ನಾನು ಎರಡು ಸ್ಲೀಪಿಂಗ್ ಬ್ಯಾಗುಗಳನ್ನು ಒಂದರೊಳಗೊಂದು ಸೇರಿಸಿ, ಮೂಗು ಮಾತ್ರ ಹೊರಗಿಟ್ಟು ಹಿಂದೆ ಮಲಗಿದ್ದೆ. ಟ್ರಕ್ ಚಲಿಸತೊಡಗಿತು. ಮಲಗುವ ಜಾಗಕ್ಕೂ ಕ್ಯಾಬಿನ್ನಿಗೂ ನಡುವೆ ಒಂದು ಚಿಕ್ಕ ಕಿಟಕಿ ಇದೆ. ಅದು ಬೆರಳಗಲ ತೆರೆದಿತ್ತು, ಆದರೆ ಗಾಜಿಗೆ ಮಂಜು ಹೆಪ್ಪುಗಟ್ಟಿ ಆಚೆ ಏನೂ ಕಾಣುತ್ತಿರಲಿಲ್ಲ. ನೋರೀನ್ ಸಿಟ್ಟಿನಲ್ಲಿ ಮನೆಗೆ ಹೊರಟಿದ್ದಾಳೆ ಎಂದುಕೊಂಡೆ.

"ನಿಧಾನ ಕಣೇ, ಮಂಚ ಕಿತ್ಕೊಂಡ್ ಬರುತ್ತೆ" ಎಂದೆ. ಉತ್ತರವಿಲ್ಲ. ಸಿಟ್ಟು ಬಂದಾಗ ಅವಳು ಉತ್ತರ ಕೊಡುವವಳಲ್ಲ, ಆದ್ದರಿಂದ ಅನುಮಾನ ಬರಲಿಲ್ಲ. ಗೇರ್ ಹಾಕುವುದು ಒರಟಾಗಿತ್ತು. ಅದನ್ನೂ ಹೇಳಿದೆ. ಎದ್ದು ಕೂರೋಣವೆಂದರೆ ಬ್ಯಾಗಿನ ಜಿಪ್ ಬಟ್ಟೆಯನ್ನು ಕಚ್ಚಿಕೊಂಡಿತ್ತು. ಹೀಗಾಗಿ ಮಲಗಿದಲ್ಲಿಂದಲೇ ಮಾತಾಡಿದೆ. ಸುಮಾರು ಹದಿನೈದು ಮೈಲಿ ಮಾತಾಡಿದೆ. ಏನು ಮಾತಾಡಿದೆ ಎಂಬುದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಕೊನೆಗೆ ಕಿಟಕಿಯ ಸಂದಿಯಿಂದ ಗಂಡಸಿನ ದನಿ ಬಂತು: "ಯಜಮಾನ್ರೇ, ಸಾಕು ನಿಲ್ಸಿ. ನಾನು ನಿಮ್ಮ ಹೆಂಡ್ತಿ ಅಲ್ಲ."

ಟ್ರಕ್ ನಿಂತಿತು. ಹಿಂದಿನ ಬಾಗಿಲು ತೆರೆದವರು ಡಾರೆಲ್ ಪೈಕ್ ಎಂಬ ನಲವತ್ತು ದಾಟಿದ ವ್ಯಕ್ತಿ. ರಾತ್ರಿ ಹೆದ್ದಾರಿಯಲ್ಲಿ ಕಾರು ಕೆಟ್ಟು, ಅದರಲ್ಲೇ ನಡುಗುತ್ತ ಕೂತಿದ್ದು, ಬೆಳಿಗ್ಗೆ ಹೊಗೆ ಬಿಡುತ್ತ ಖಾಲಿ ನಿಂತ ಟ್ರಕ್ ಕಂಡು ಹತ್ತಿಬಿಟ್ಟೆನೆಂದು ಹೇಳಿದರು. ಹಿಂದೆ ಆಳಿರುವುದು ಗೊತ್ತಿರಲಿಲ್ಲವಂತೆ. "ಗೊತ್ತಾದ್ ತಕ್ಷಣ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಅಳೋಕ್ ಶುರು ಮಾಡಿದ್ರಿ. ಮಧ್ಯೆ ಹೆಂಗೆ ಬಾಯಿ ಹಾಕೋದು?" ಎಂದರು. ನಾನು ಅತ್ತಿಲ್ಲ. ಚಳಿಗೆ ಮೂಗು ಸೋರುತ್ತಿತ್ತು.

ಆಗ ನೋಡಿದರೆ ನೋರೀನಳ ದಪ್ಪ ಕೋಟು ನನ್ನ ತಲೆಯಡಿ ಇತ್ತು. ಅವಳು ಬರೀ ಸ್ವೆಟರಿನಲ್ಲಿ ಆ ಬಯಲಿನಲ್ಲಿದ್ದಳು. "ತಿರುಗಿಸಪ್ಪಾ, ಬೇಗ ತಿರುಗಿಸು" ಎಂದೆ. ಪೈಕ್ ನನ್ನನ್ನು ಬ್ಯಾಗಿನಿಂದ ಬಿಡಿಸುತ್ತ ಕೂರದೆ ಬಂದ ದಾರಿಯಲ್ಲೇ ವಾಪಸು ಓಡಿಸಿದರು. ಬೇಕಿದ್ದರೆ ನನ್ನನ್ನು ರಸ್ತೆಗೆ ಉರುಳಿಸಿ ಹೋಗಬಹುದಿತ್ತು. ನಾನು ಮೂಟೆಯಂತೆ ಬಿದ್ದಿದ್ದೆ. ಇದನ್ನು ದಾಖಲಿಸಬೇಕೆಂದು ಕೋರುತ್ತೇನೆ.

ನೋರೀನ್ ಹೆದ್ದಾರಿಯ ಅಂಚಿನಲ್ಲಿ ಒಂದು ಲಾರಿಯೊಳಗೆ ಕಂಬಳಿ ಹೊದ್ದು ಕೂತಿದ್ದಳು. ಲಾರಿಯಲ್ಲಿದ್ದ ರೇಡಿಯೋದಿಂದ ಷರೀಫ್ ಕಚೇರಿಗೆ ದೂರು ಕೊಟ್ಟವರು ಅದರ ಚಾಲಕರೇ. ನಮ್ಮ ಟ್ರಕ್ ಕಂಡದ್ದೇ ಅವಳು ಸಲಿಕೆ ಸಮೇತ ಕೆಳಗಿಳಿದಳು. ಬಲಗಡೆಯ ಹೆಡ್‌ಲೈಟ್ ಒಡೆದದ್ದು ಆ ಹೊತ್ತಿನಲ್ಲಿ. ಅವಳ ತುಟಿ ನೀಲಿಗಟ್ಟಿತ್ತು. ಪೈಕ್ ಇಳಿದು ಹಿಂದಿನ ಬಾಗಿಲು ತೆರೆದರು.

"ಬಿಟ್ಟು ಹೋಗ್ತೀಯಾ? ಮೂವತ್ತೈದು ವರ್ಷಕ್ಕೆ ಇದಾ ಉಡುಗೊರೆ?" ಎಂದು ನೋರೀನ್ ನನ್ನನ್ನು ಕೇಳಿದಳು.

"ನಾನೆಲ್ಲೂ ಹೋಗಿಲ್ಲ ಕಣೇ, ನನ್ನ ಕದ್ಕೊಂಡ್ ಹೋದ್ರು" ಎಂದೆ.

"ನಿನ್ನನ್ನ ಯಾರು ಕದೀತಾರೆ?"

ಪೈಕ್ ಎರಡೂ ಕೈ ಮೇಲೆತ್ತಿ, "ನಾನೇ ಕಣಮ್ಮಾ, ಕದ್ದಿದ್ದು ನಾನೇ" ಎಂದರು. ಒಪ್ಪಿಕೊಳ್ಳುವಂತೆ ಯಾರೂ ಅವರ ಮೇಲೆ ಒತ್ತಡ ಹಾಕಿರಲಿಲ್ಲ. ಸಲಿಕೆ ಮಾತ್ರ ಎತ್ತಿದ ಹಾಗೇ ಇತ್ತು. "ಇವ್ರು ನಿಮ್ಮನ್ನ ಬಿಟ್ಟು ಹೋಗೋ ಆಸಾಮಿ ಅಲ್ಲ. ದಾರಿಯುದ್ದಕ್ಕೂ ನಿಮ್ಮದೇ ಜಪ" ಎಂದೂ ಹೇಳಿದರು.

"ಏನಂದ?" ಎಂದಳು ನೋರೀನ್.

ಪೈಕ್ ನನ್ನ ಮುಖ ನೋಡಿದರು. ಬೇಡವೆಂದು ತಲೆಯಾಡಿಸಿದೆ. ಅವರು ಹೇಳಿಬಿಟ್ಟರು. ಅದನ್ನು ಬಿಟ್ಟರೆ ಹೇಳಿಕೆ ಪೂರ್ತಿಯಾಗುವುದಿಲ್ಲ ಎಂದು ಈಗ ಪಕ್ಕದಲ್ಲೇ ಕೂತಿರುವ ನೋರೀನ್ ಹಟ ಹಿಡಿದಿರುವುದರಿಂದ ಬರೆಸುತ್ತಿದ್ದೇನೆ: "ನಿನ್ನೆ ನಂಗೂ ಚಳಿ ಆಗಿತ್ತು ನೋರೀನ್. ಮಂಚ ನಾನೇ ಮಾಡಿದ್ದಲ್ವಾ, ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ. ಮಾತಾಡ್ದಿದ್ರೂ ಪರ್ವಾಗಿಲ್ಲ, ಬೈಬೇಕಾದ್ರೆ ಬೈ, ಆದ್ರೆ ನನ್ನ ಎಲ್ಲೂ ಇಳಿಸಿ ಹೋಗ್ಬೇಡ. ನೀನಿಲ್ದೇ ಇರೋ ಮನೆಗೆ ಹೋಗಿ ನಾನೇನ್ ಮಾಡ್ಲಿ?"

ನೋರೀನ್ ಸಲಿಕೆ ಕೆಳಗಿಟ್ಟು ನನ್ನ ಜಿಪ್ ಬಿಡಿಸಿದಳು. ಅಷ್ಟರಲ್ಲಿ ಡೆಪ್ಯುಟಿ ಕ್ರೇನ್ ಬಂದು ಮೂವರನ್ನೂ ಇಲ್ಲಿಗೆ ಕರೆತಂದರು.

ಪೈಕ್ ಅವರ ಮೇಲೆ ನಮ್ಮಿಬ್ಬರಿಂದಲೂ ದೂರಿಲ್ಲ. ನಡೆದದ್ದಷ್ಟನ್ನೇ ಹೇಳಿದ್ದೇನೆ, ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ. ಮೇಲಿನ ಮಾತುಗಳನ್ನು ಆಡಿದವನು ನಾನೇ. ಅವು ಪೈಕ್ ಅವರನ್ನು ಉದ್ದೇಶಿಸಿದವಲ್ಲ. ಡೆಪ್ಯುಟಿಯವರು ಇದನ್ನೆಲ್ಲ ಒಮ್ಮೆ ಓದಿ ಹೇಳಿದರು, ಸರಿಯಿದೆ ಎಂದೆ. ಆ ಮಾತುಗಳನ್ನು ಮಾತ್ರ ನೋರೀನ್ ಮತ್ತೊಮ್ಮೆ ಓದಿಸಿ ಕೇಳಿದಳು.

ಸ್ಥಳ: ಆಲ್ಕಲೈ ವೆಲ್ಸ್, ನೆವಾಡ
ದಿನಾಂಕ: 18 ಜನವರಿ 2014
(ಸಹಿ) ಲೈಲ್ ಟಾರ್ವಿಕ್